ಕಟ್ಟಿಗೆ ಕಟ್ಟಿದ ಸೈಕಲ್ಲಿನಲ್ಲಿ ಇಂಗ್ಲೆಂಡಿನ ಕಾಡು

ನಿಮಗೆ ಹೀಗೆ ಆಗಿದೆಯೇ, ಹೇಳಿ. ಊರಿನಲ್ಲಿ ಕೂತು ‘ಓ, ನನಗೆ ಬರುತ್ತದೆ’ ಎಂದು ಹೇಳಿಬಿಟ್ಟಿರುತ್ತೀರಿ. ಸುಳ್ಳೇನಲ್ಲ, ನಿಮ್ಮ ಮಟ್ಟಿಗೆ ನಿಮಗೆ ಬರುತ್ತದೆ. ಆಮೇಲೆ ವಿಮಾನ ಹತ್ತಿ ಸಮುದ್ರ ದಾಟಿ, ಗುರುತಿಲ್ಲದ ಜನರ ಎದುರು ನಿಂತು ಮಾಡಿ ತೋರಿಸುವ ಹೊತ್ತು ಬಂದಾಗ, ಅವರು ಕೇಳಿದ್ದೇ ಬೇರೆ, ನಿಮಗೆ ಬರುವುದೇ ಬೇರೆ ಎಂದು ಗೊತ್ತಾಗುತ್ತದೆ. ಆಗಿದೆಯೇ? ನನ್ನ ಗೆಳತಿ ಜಯಾಗೆ ಆಯಿತು. ವಿಷಯ ಸೈಕಲ್. ಜಾಗ ಇಂಗ್ಲೆಂಡಿನ ಡೀನ್ ಎಂಬ ಕಾಡು. ಆ ಕಾಡು ಎಷ್ಟು ಚಂದ, ಟಿಕೆಟ್ ಎಷ್ಟು, ಎಲ್ಲಿ ಇಳಿದುಕೊಳ್ಳಬೇಕು ಎಂದು ನನ್ನನ್ನು ಕೇಳಬೇಡಿ. ಅದನ್ನೆಲ್ಲ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಜಯಾಳದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ನಾವು ಯಾರು ಎಂದು ಹೇಳಿಬಿಡುತ್ತೇನೆ. ನನ್ನ ಹೆಸರು ಕಲಾ. ನಾನು, ಜಯಾ, ವಿಜಿ ಮೂವರೂ ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈ ಎಂಬ ಊರಿನ ಒಂದೇ ಬೀದಿಯವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನೀಗ ಒಡ್ಡನ್‌ಛತ್ರಂ ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರ ಮಾಡುತ್ತೇನೆ. ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ, ಮೈಸೂರು ಕಡೆಯಿಂದ ಬರುವ ಲಾರಿಗಳ ಹಿಂದೆ ಬರೆದದ್ದನ್ನು ಓದಿ ಓದಿ. ಜಯಾ ಮದುವೆಯಾಗಿ ನಿಲಕ್ಕೋಟ್ಟೈ ಕಡೆಗೆ ಹೋದಳು, ಅಲ್ಲಿ ಮಲ್ಲಿಗೆ ಬೆಳೆಯುತ್ತಾಳೆ. ವಿಜಿ ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದಾಳೆ. ಕಾಲು ಸೊಂಟ ಮುರಿದುಕೊಂಡವರನ್ನು ಮತ್ತೆ ನಡೆಸುವುದು ಆಸ್ಪತ್ರೆಯಲ್ಲಿ ಅವಳ ಕೆಲಸ.

ಫೋನಿನಲ್ಲಿ ಕರೆದವಳು ಅವಳೇ.

“ಮೇ ತಿಂಗಳು ಬನ್ರಡೀ. ಅಲ್ಲಿ ಬಿಸಿಲಲ್ಲಿ ಬೇಯಾದು ಸಾಕು. ಸೈಕಲ್ ಬಾಡಿಗೆಗೆ ತಗಂಡು ಕಾಡೊಳಗೆ ಸುತ್ತಾನ. ಜಯಾ, ನಿಂಗೆ ಸೈಕಲ್ ಓಟ್ಟಾಕೆ ಬರ್ತದಲ್ಲ?”

ಓಡಿಸುವುದಕ್ಕೆ ನಮ್ಮ ಮನೆ ಮಾತಿನಲ್ಲಿ ಓಟ್ಟುವುದು ಎನ್ನುತ್ತೇವೆ. ತಮಿಳಿನಿಂದ ಬಂದು ನಮ್ಮಲ್ಲೇ ಉಳಿದುಕೊಂಡ ಮಾತು. ಮಾತಿನ ಕೊನೆಯ ‘ಅಡೀ’ಯೂ ಹಾಗೇ, ನಿಮ್ಮ ‘ಕಣೇ’ ಇದ್ದಂತೆ.

“ಯಾತಕ್ಕೆ ಬರಲ್ಲ? ಬರ್ತದೆ,” ಎಂದಳು ಜಯಾ.

ಬಾಡಿಗೆ ಸೈಕಲ್ ಅಂಗಡಿ

ಕಾಡಿನ ಅಂಚಿನಲ್ಲೇ ಅಂಗಡಿ. ನಡೆಸುವವನು ಕೆನ್ ಎಂಬ ಎಪ್ಪತ್ತರ ಮುದುಕ. ಮಾತು ಕಡಿಮೆ, ಆಡಿದ ಪ್ರತಿ ಮಾತಿನ ಕೊನೆಗೂ ‘ಲವ್’ ಎಂದು ಸೇರಿಸುತ್ತಾನೆ. ಜಯಾ ಗಾಬರಿಯಾಗಿ ವಿಜಿಯ ಕೈ ಹಿಡಿದಳು.

“ಏನಡೀ ಅನ್ತಾವ್ನೆ ಇವನು?”

“ಕಣ್ಣು ಅನ್ತಾವ್ನೆ. ನಮ್ಮೂರಲ್ಲಿ ಹೂ ಮಾರೋ ಅಜ್ಜಿ ಎಲ್ಲಾರ್ನೂ ಪ್ರೀತಿಗೆ ಕಣ್ಣು ಕಣ್ಣು ಅನ್ನಲ್ವಾ, ಅಂಗೇ.”

“ಅಂಗಾದ್ರೆ ಪರವಾಯಿಲ್ಲೆ.”

ಕೆನ್ ಜಯಾಗೆಂದು ಹೆಂಗಸರ ಸೈಕಲ್ ತಂದು ನಿಲ್ಲಿಸಿದ. ತಗ್ಗು ಚೌಕಟ್ಟು, ಕಾಲು ಎತ್ತದೆ ಹತ್ತುವಂಥದ್ದು. ಜಯಾ ಅದನ್ನು ಒಂದು ಸುತ್ತು ಬಂದಳು. ಕೆಚ್ಚಲು ನೋಡದೆ ಹಸು ಕೊಳ್ಳಲಾರೆ ಎನ್ನುವ ಮುಖ.

“ಇದ್ರಲ್ಲಿ ಬಾರೇ ಇಲ್ವಲ್ಲಡೀ. ಕಾಲು ಎಲ್ಲಿ ತೂರ್ಸಾದು?”

“ತೂರ್ಸಾದಾ? ಸೀಟ್ ಮ್ಯಾಲೆ ಕುಂತ್ಕ,” ಎಂದಳು ವಿಜಿ.

“ಸೀಟ್ ಮ್ಯಾಲೆ ನಾನ್ ಯಾವತ್ತು ಕುಂತಿದ್ದೆ?”

ನನಗೆ ಆಗ ನೆನಪಾಯಿತು. ಗಂಡಸರ ಎತ್ತರದ ಸೈಕಲ್ಲಿನಲ್ಲಿ ಕಲಿತವರಿಗೆ ಇದು ಗೊತ್ತು. ಸೀಟಿಗೆ ಎಟುಕದ ಮಕ್ಕಳು ಅಡ್ಡಕಂಬಿಯ ಕೆಳಗಿನ ಮೂಲೆಯಲ್ಲಿ ಬಲಗಾಲು ತೂರಿಸಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯಲ್ಲಿ ಸೀಟನ್ನು ತಬ್ಬಿ, ಮೈಯೆಲ್ಲ ಒಂದು ಕಡೆ ನೇತುಹಾಕಿಕೊಂಡು ತುಳಿಯುತ್ತಾರೆ. ನಾವೆಲ್ಲ ಹಾಗೇ ಶುರು ಮಾಡಿದವರು. ಕಾಲು ಉದ್ದವಾದ ಮೇಲೆ ನಾನೂ ವಿಜಿಯೂ ಸೀಟಿಗೆ ಹತ್ತಿದೆವು. ಜಯಾ ಹತ್ತಲಿಲ್ಲ.

ಅವಳ ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್, ಅಣ್ಣನದು. ಕಂಬಿ ಕೆಳಗೆ ತುಳಿಯುವವರೆಗೆ ಯಾರೂ ಏನೂ ಅನ್ನಲಿಲ್ಲ, ಆಟ ಎಂದುಕೊಂಡರು. ಒಂದು ಸಂಜೆ ಕಣದಲ್ಲಿ ಅವಳು ಸೀಟಿಗೆ ಹತ್ತಿ ಕೂತದ್ದನ್ನು ಅವಳಪ್ಪ ನೋಡಿದರು. ಇಳಿಸಿದರು. ಅದೇ ತಿಂಗಳು ಅವಳು ದೊಡ್ಡವಳಾದಳು. ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಕಟ್ಟಿದ, ನಾವೆಲ್ಲ ಹೋಗಿ ‘ಕಳಿ’ ಎಂಬ ಉದ್ದಿನ ಹಿಟ್ಟಿನ ಸಿಹಿ ಮುದ್ದೆ ತಿಂದು ಬಂದೆವು. ಗುಡಿಸಲಿನಿಂದ ಹೊರಗೆ ಬರುವಷ್ಟರಲ್ಲಿ ಅಣ್ಣ ಸೈಕಲ್ಲಿಗೆ ಬೀಗ ಹಾಕಿದ್ದ. ಹೈಸ್ಕೂಲು ಇದ್ದದ್ದು ಚಿನ್ನಮನೂರಿನಲ್ಲಿ. ಶಾಲೆ ಹೊತ್ತಿಗೆ ಬಸ್ಸಿರಲಿಲ್ಲ. ನಾವಿಬ್ಬರೂ ಸೈಕಲ್ಲಿನಲ್ಲಿ ಹೋದೆವು. ಜಯಾ ಬೀದಿಯ ಕೊನೆಯವರೆಗೆ ಬಂದು ನಿಲ್ಲುತ್ತಿದ್ದಳು. ಅವಳ ಓದು ಅಲ್ಲಿಗೇ ಮುಗಿಯಿತು.

ಕೆನ್‌ಗೆ ಇದೆಲ್ಲ ಎಲ್ಲಿ ಹೇಳುವುದು. ಅವನು ನಮ್ಮ ಮುಖ ನೋಡಿ, ಸೈಕಲ್ ಹಿಂದೆ ಸಿಕ್ಕಿಸುವ ಪುಟ್ಟ ಗಾಡಿ ತೋರಿಸಿದ. ಮಕ್ಕಳನ್ನೂ ನಾಯಿಗಳನ್ನೂ ಕೂರಿಸಿಕೊಂಡು ಹೋಗುವುದಂತೆ.

“ಇದ್ರಲ್ಲಿ ಕುಂತ್ಕ ಜಯಾ, ನಾವ್ ಎಳ್ಕಂಡ್ ಓಯ್ತೀವಿ,” ಎಂದಳು ವಿಜಿ.

“ನಾನೇನು ಹೂ ಮೂಟೆನಾ?”

ಮುದುಕನಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಒಳಗೆ ಹೋಗಿ ಒಂದು ಹಳೆಯ ಗಂಡಸರ ಸೈಕಲ್ ತಂದ. ನೇರ ಅಡ್ಡಕಂಬಿ, ಎತ್ತರದ ಚಕ್ರ. ಜಯಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬಲಗಾಲು ಕಂಬಿಯ ಕೆಳಗೆ ತೂರಿಸಿ, ಅಂಗಳವನ್ನು ಒಂದು ಸುತ್ತು ಹಾಕಿಯೇಬಿಟ್ಟಳು. ನಲವತ್ತೆಂಟು ವರ್ಷ, ನನ್ನ ಹೆಗಲೆತ್ತರಕ್ಕೂ ಬಾರದ ಆಳು, ತಲೆಗೆ ಕೆಂಪು ಹೆಲ್ಮೆಟ್.

“ಇಷ್ಟು ವರ್ಷದಿಂದ ಸೈಕಲ್ ಕೊಡುತ್ತಿದ್ದೇನೆ, ಲವ್. ಇದೊಂದನ್ನು ನೋಡಿರಲಿಲ್ಲ,” ಎಂದ ಕೆನ್.

ಹಳೆಯ ರೈಲು ದಾರಿ

ಒಂದು ಕಾಲದಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ರೈಲು ದಾರಿಯನ್ನು ಈಗ ಸೈಕಲ್ಲಿಗೆ ಬಿಟ್ಟಿದ್ದಾರೆ. ಏರಿಲ್ಲ, ಇಳಿಜಾರಿಲ್ಲ. ಎರಡೂ ಕಡೆ ಓಕ್ ಮರ, ಎಳೆ ಎಲೆ ಬಿಟ್ಟ ಬೀಚ್ ಮರ. ಬೆಳಕು ಹಸಿರಾಗಿ ಮೈಮೇಲೆ ಬೀಳುತ್ತದೆ. ನಮ್ಮ ಕಂಬಂ ಕಣಿವೆಯಲ್ಲಿ ಎದುರುಗಾಳಿಗೆ ಪೆಡಲ್ ತುಳಿದು ಬೆಳೆದ ನನಗೆ ಇಲ್ಲಿ ಸೈಕಲ್ ತಾನಾಗೇ ಹೋಗುತ್ತಿದೆ ಅನ್ನಿಸಿತು.

ಈ ಜನಕ್ಕೆ ಒಂದು ಅಭ್ಯಾಸ. ಪೇಟೆಯಲ್ಲಿ ಪಕ್ಕದಲ್ಲಿ ನಿಂತರೂ ಮುಖ ನೋಡುವುದಿಲ್ಲ, ಕಾಡಿನೊಳಗೆ ಬಂದರೆ ಎದುರಾದ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳುತ್ತಾರೆ. ಜಿನುಗು ಮಳೆಯಲ್ಲಿ ನೆನೆಯುತ್ತಲೇ ‘ಒಳ್ಳೆಯ ದಿನ, ಅಲ್ಲವೇ’ ಎನ್ನುತ್ತಾರೆ. ದಾರಿಗೆ ಅಡ್ಡ ನಿಂತದ್ದು ನಾವು, ಕ್ಷಮಿಸಿ ಎನ್ನುವುದು ಅವರು.

ಜಯಾ ಕಂಬಿಯ ಕೆಳಗೆ ನೇತಾಡಿಕೊಂಡು ಬರುತ್ತಿದ್ದಳು. ಎದುರು ಬಂದವರೆಲ್ಲ ನಮಸ್ಕಾರ ಹೇಳಿ, ದಾಟಿದ ಮೇಲೆ ತಿರುಗಿ ನೋಡುತ್ತಿದ್ದರು. ಸುಳ್ಳು ಯಾಕೆ, ನನಗೆ ನಾಚಿಕೆಯಾಯಿತು. ನಾನು ಸ್ವಲ್ಪ ಮುಂದೆ ಹೋದೆ. ಇನ್ನೂ ಸ್ವಲ್ಪ ಮುಂದೆ ಹೋದೆ. ಅವಳ ಜತೆ ಬಂದವಳೇ ಅಲ್ಲ ಎನ್ನುವಷ್ಟು ಮುಂದೆ ಹೋದೆ. ಇದನ್ನು ಅವಳಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತಿದ್ದೇನೆ.

ಹಿಂದಿನಿಂದ ಜಯಾ ಕೂಗಿದ್ದು ಕೇಳಿ ತಿರುಗಿ ಬಂದೆ. ಒಂದು ಮರದ ಕೊಂಬೆಯಲ್ಲಿ ನಾಲ್ಕೈದು ಪುಟ್ಟ ಗಂಟುಗಳು ನೇತಾಡುತ್ತಿದ್ದವು. ಜಯಾ ಸೈಕಲ್ ಒರಗಿಸಿ, ಒಂದು ಗಂಟನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಮ್ಮ ಕಡೆ ಮಕ್ಕಳಿಲ್ಲದವರು ಹರಕೆ ಹೊತ್ತು ದೇವಸ್ಥಾನದ ಮರಕ್ಕೆ ಬಟ್ಟೆಯ ತೊಟ್ಟಿಲು ಕಟ್ಟುವುದಿಲ್ಲವೇ, ಹಾಗೇ ಕಂಡಿದೆ ಅವಳಿಗೆ.

“ಮುಟ್ಬೇಡಡೀ,” ಎಂದು ವಿಜಿ ಕಿರುಚುತ್ತಾ ಓಡಿಬಂದಳು.

“ಯಾತಕ್ಕೆ? ಯಾವ ದೇವ್ರು ಇಲ್ಲಿ?”

“ದೇವ್ರಲ್ಲ, ನಾಯಿ ಹೇಲು.”

ಈ ಜನ ನಾಯಿ ಮಾಡಿದ್ದನ್ನು ಮರ್ಯಾದೆಯಾಗಿ ಚೀಲಕ್ಕೆ ತುಂಬಿ, ಗಂಟು ಕಟ್ಟಿ, ಬರುವಾಗ ತೆಗೆದುಕೊಂಡು ಹೋಗೋಣ ಎಂದು ಮರಕ್ಕೆ ನೇತುಹಾಕುತ್ತಾರಂತೆ. ಬರುವಾಗ ಮರೆಯುತ್ತಾರಂತೆ. ಎರಡು ಬಾಟಲಿ ನೀರು ಜಯಾಳ ಮುಖ ಕೈಗೇ ಆಯಿತು. ಮುಖ ಒರೆಸಿಕೊಂಡು ಅವಳು ಹೇಳಿದಳು, “ಇನ್ನ ಈ ಊರಲ್ಲಿ ಏನ್ ನೇತಾಕಿದ್ರೂ ನಾನ್ ಕೈ ಮುಗಿಯಲ್ಲ.”

ನಗು ಮುಗಿದ ಮೇಲೆ ಅಲ್ಲೇ ಒಂದು ಬೆಂಚಿನ ಮೇಲೆ ಕೂತು, ವಿಜಿ ಕಟ್ಟಿ ತಂದಿದ್ದ ಪುಳಿಯೋಗರೆ ತಿಂದೆವು. ಜಯಾ ಕೈಯಲ್ಲಿ ತುತ್ತು ಹಿಡಿದುಕೊಂಡೇ ಹೇಳಿದಳು.

“ಕೇಳ್ರಡೀ. ನಾನ್ ಬಂದದ್ದು ಕಾಡು ನೋಡಾಕಲ್ಲ. ಕಾಡು ನಮ್ಮ ಬೆಟ್ಟದಲ್ಲಿ ಇಲ್ವಾ? ಒಂದ್ ಸಲ ಸೀಟ್ ಮ್ಯಾಲೆ ಕುಂತು ಓಟ್ಟಬೇಕು. ಅಷ್ಟೇ. ಊರಲ್ಲಿ ಆಗಲ್ಲ. ಸೊಸೆ ನಗ್ತಾಳೆ, ಹೂ ಕೊಯ್ಯೋರು ನಗ್ತಾರೆ. ಇಲ್ಲಿ ನನ್ನ ಯಾರ್ಗ್ ಗೊತ್ತು?”

ಮುಂದೆ ಹೋಗಿದ್ದ ನಾನು ನನ್ನ ಪಾಲಿನ ಪುಳಿಯೋಗರೆಯನ್ನು ಅವಳ ಕಡೆ ಸರಿಸಿದೆ. ನಮಗೆ ಉಳಿದದ್ದು ಎರಡೇ ದಿನ.

ನೀಲಿ ಹೂವಿನ ಕಾಡು

ಎರಡನೆಯ ದಿನ ಬೆಳಿಗ್ಗೆ ವಿಜಿ ಮೇಡಂ ಆದಳು. ಆಸ್ಪತ್ರೆಯಲ್ಲಿ ಮಾಡುವಂತೆ ಮಾಡಿದಳು. ತಗ್ಗು ಸೈಕಲ್ ತರಿಸಿ, ಸೀಟು ಇಳಿಸಿ, “ಪೆಡಲ್ ಮುಟ್ಬೇಡ. ಎರಡೂ ಕಾಲಲ್ಲಿ ನೆಲ ಒದ್ಕಂಡ್ ಓಗು. ಬ್ಯಾಲೆನ್ಸ್ ತಾನೇ ಬರ್ತದೆ” ಎಂದಳು. ಇಂಗ್ಲೆಂಡಿನ ಮಕ್ಕಳೆಲ್ಲ ಹೀಗೇ ಕಲಿಯುವುದಂತೆ. ಜಯಾ ಇಂಗ್ಲೆಂಡಿನ ಮಗುವಲ್ಲ. ಒಂದು ಸಲ ಎಡಕ್ಕೆ ಬಿದ್ದಳು, ಒಂದು ಸಲ ಬಲಕ್ಕೆ, ಮೂರನೆಯ ಸಲ ನೇರವಾಗಿ ಒಂದು ಪೊದೆಯೊಳಗೆ. ಮೊಣಕಾಲು ತರಚಿತು.

“ಸಾಕು,” ಎಂದಳು ವಿಜಿ. “ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಏನಾಗ್ತದೆ ಅಂತ ನಾನ್ ದಿನಾ ನೋಡ್ತೀನಿ. ಇವತ್ತು ನಡ್ಕಂಡ್ ಓಗಾನ.”

ನಡೆದೆವು. ಕಾಡಿನ ಒಂದು ಭಾಗದಲ್ಲಿ ಮರಗಳ ಕೆಳಗೆ ನೆಲವೇ ಕಾಣದಷ್ಟು ನೀಲಿ ಹೂವು. ಗಂಟೆಯಂತೆ ತಲೆ ಬಗ್ಗಿಸಿಕೊಂಡಿರುವ ಹೂವು, ಯಾರೂ ನೆಟ್ಟದ್ದಲ್ಲ, ವರ್ಷಾ ವರ್ಷಾ ತಾನೇ ಬರುತ್ತದೆ. ಕೀಳಬೇಡಿ ಎಂದು ಬೋರ್ಡು. ಜನ ಬಂದು, ಮೆಲ್ಲಗೆ ಮಾತಾಡಿ, ನೋಡಿ ಹೋಗುತ್ತಿದ್ದರು. ಮಲ್ಲಿಗೆಯವಳಲ್ಲವೇ ನಮ್ಮ ಜಯಾ, ಬಗ್ಗಿ ಮೂಸಿದಳು, ಎದ್ದು ಸುತ್ತ ನೋಡಿದಳು.

“ಇಷ್ಟು ಹೂವೈತೆ, ಒಬ್ಬಳ ತಲೇಲೂ ಒಂದು ಹೂವಿಲ್ಲ,” ಎಂದಳು. ಅವಳು ಇಂಗ್ಲೆಂಡಿನ ಬಗ್ಗೆ ಕೊಟ್ಟ ತೀರ್ಪು ಅದು.

ಮುಂದೆ ಒಂದು ಕಡೆ ನೆಲವನ್ನೆಲ್ಲ ಯಾರೋ ಉತ್ತು ಬಿಟ್ಟಂತಿತ್ತು. ವಿಜಿ ವಿವರಿಸಲು ಬಾಯಿ ತೆರೆಯುವ ಮೊದಲೇ ಜಯಾ “ಹಂದಿ” ಎಂದಳು. ಬೆಟ್ಟದ ಬುಡದಲ್ಲಿ ಕಡಲೆಕಾಯಿ ಬೆಳೆದವರಿಗೆ ಅದನ್ನು ಹೇಳಿಕೊಡಬೇಕೇ. ಕಾಡುಹಂದಿಗೆ ಬೇಲಿ ಕಾಯುವ ಕಷ್ಟ ಇಲ್ಲಿಯವರಿಗೂ ಇದೆ ಎಂದು ಕೇಳಿ ನನಗೂ ಏನೋ ಸಮಾಧಾನ. ಇಲ್ಲಿ ಕುರಿಗಳು ಮಾತ್ರ ಮಹಾರಾಣಿಯರು. ಕಾಯುವವರಿಲ್ಲದೆ ಕಾಡು, ರಸ್ತೆ, ಬಸ್‌ಸ್ಟಾಪು ಎಲ್ಲಾ ಕಡೆ ಮಲಗಿರುತ್ತವೆ. ಕಾರುಗಳು ಕಾಯುತ್ತವೆ.

ಆದರೆ ಜಯಾ ದಾರಿಯುದ್ದಕ್ಕೂ ಕುಂಟುತ್ತಾ ಬಂದಳು. ಸಂಜೆ ವಿಜಿಯ ಮನೆಯಲ್ಲಿ ಕಾಫಿ ಕುಡಿಯುತ್ತಾ, ನಾನು ಕೇಳದೆಯೇ ಹೇಳಿದಳು, “ಆ ಸೈಕಲ್ ಕೈಗೆ ಸಿಗಲ್ಲಡೀ. ಆಡುಮರಿ ತರ ತುಳ್ಳಿ ಕುಣೀತದೆ. ಖಾಲಿ ಸೈಕಲ್ ಹಿಡಿದು ನಂಗೆ ಅಭ್ಯಾಸವೇ ಇಲ್ಲ.”

“ಖಾಲಿ ಸೈಕಲ್ ಅಂದ್ರೆ?”

“ನಾನ್ ದಿನಾ ಸೈಕಲ್ ತಳ್ತೀನಲ್ಲ. ಹೂವಿನ ಮೂಟೆ ಕಟ್ಟಿ, ತೋಟದಿಂದ ರೋಡಿಗೆ. ಬದುವಿನ ಮ್ಯಾಲೆ, ಮೊಳದಗಲದ ದಾರಿ. ಒಂದ್ ದಿನಾನೂ ಬೀಳ್ಸಿಲ್ಲ. ಭಾರ ಇದ್ರೆ ಸೈಕಲ್ ಮಾತು ಕೇಳ್ತದೆ.”

ಹೇಳಿದವಳೇ ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ಉಪಾಯ ಅವಳಿಗೆ ಬಂದದ್ದು ಆಗ.

ಕೊನೆಯ ದಿನ

ಬೆಳಿಗ್ಗೆ ಅಂಗಡಿಗೆ ಹೋಗಿ ಜಯಾ ವಿಜಿಯ ಬಾಯಿಂದ ಕೇಳಿಸಿದ್ದು ಮೂರು ವಸ್ತು. ಒಂದು, ಹಿಂದೆ ಕ್ಯಾರಿಯರ್ ಇರುವ ತಗ್ಗು ಸೈಕಲ್. ಎರಡು, ಹಳೆಯ ಟ್ಯೂಬು. ಮೂರು, ಭಾರ, ಏನಾದರೂ ಸರಿ.

ಕೆನ್ ತಲೆಯಾಡಿಸಿದ. “ಭಾರ ಹಾಕಿದರೆ ಇನ್ನೂ ಕಷ್ಟ, ಲವ್. ಕಲಿಯುವವರು ಹಗುರವಾಗಿ ಕಲಿಯಬೇಕು.”

“ಅವನ್ಗೆ ಹೇಳು, ನಾನ್ ಕಲಿಯೋಳಲ್ಲ ಅಂತ,” ಎಂದಳು ಜಯಾ.

ಅಂಗಡಿಯ ಬಾಗಿಲಲ್ಲಿ ಬಲೆ ಚೀಲಗಳಲ್ಲಿ ಕಟ್ಟಿಗೆ ಮಾರಾಟಕ್ಕಿತ್ತು, ಚಳಿಗೆ ಒಲೆ ಉರಿಸಲು ಇಲ್ಲಿಯವರು ಕೊಳ್ಳುವುದು. ಜಯಾ ಒಂದು ಚೀಲ ಎತ್ತಿ ನೋಡಿ, ಬೇಡವೆಂದು ಇನ್ನೊಂದು ಎತ್ತಿ, ಅದನ್ನು ಕ್ಯಾರಿಯರ್ ಮೇಲೆ ಅಡ್ಡಡ್ಡ ಹಾಕಿದಳು. ಟ್ಯೂಬನ್ನು ಸೀಳಿಸಿ, ಹಲ್ಲಲ್ಲಿ ಒಂದು ತುದಿ ಕಚ್ಚಿ, ಅಡಿಯಿಂದ ಎಳೆದು, ಮೇಲಿಂದ ಸುತ್ತಿ, ಮೊಣಕಾಲು ಕೊಟ್ಟು ಬಿಗಿದಳು. ಅಲುಗಾಡಿಸಿದಳು. ಅಲುಗಾಡಲಿಲ್ಲ. ಕೆನ್ ಹತ್ತಿರ ಬಂದು, ಬಗ್ಗಿ, ಆ ಗಂಟನ್ನು ನೋಡಿದ. ಅವನು ಅಷ್ಟು ಗಮನವಿಟ್ಟು ನೋಡಿದ್ದು ನಾನು ಕಂಡದ್ದು ಅದೊಂದನ್ನೇ.

ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಕಟ್ಟಿಗೆಯ ಮೇಲೆ. ಜಯಾ ತಳ್ಳಿಕೊಂಡು ದಾರಿಗೆ ಬಂದಳು. ಆ ನಡಿಗೆ ನೋಡಬೇಕಿತ್ತು ನೀವು. ನಿನ್ನೆ ಕುಂಟಿದವಳು ಇವಳೇನಾ ಅನ್ನಿಸಿತು. ಅವಳ ತೋಟದ ಬದುವಿನ ಮೇಲೆ ಹೋಗುತ್ತಿದ್ದಾಳೆ, ಹೂವು ಬಾಡುವ ಮೊದಲು ರಸ್ತೆಗೆ ಮುಟ್ಟಿಸಬೇಕು, ಅಷ್ಟೇ ಅವಳ ತಲೆಯಲ್ಲಿ ಇದ್ದದ್ದು. ನೂರು ಹೆಜ್ಜೆ ನಡೆದಳು. ಆಮೇಲೆ ಬೇಗ ಬೇಗ ನಡೆದಳು. ಎಡಗಾಲನ್ನು ಪೆಡಲ್ ಮೇಲಿಟ್ಟು ಬಲಗಾಲಲ್ಲಿ ನೆಲ ಒದ್ದಳು. ಒಂದು, ಎರಡು, ಮೂರು. ಸೈಕಲ್ ಅವಳನ್ನು ಎತ್ತಿಕೊಂಡು ನೇರ ಸಾಗಿತು. ಕಟ್ಟಿಗೆ ಮೇಲಿದ್ದ ಕೈ ಹ್ಯಾಂಡಲ್ಲಿಗೆ ಬಂತು. ಬಲಗಾಲು ಚೌಕಟ್ಟಿನ ತಗ್ಗಿನಿಂದ ಆಚೆಗೆ ದಾಟಿತು.

ಕೂತಳು.

ನಾನೂ ವಿಜಿಯೂ ನಮ್ಮ ಸೈಕಲ್ ಹತ್ತುವುದನ್ನೇ ಮರೆತು ನಿಂತಿದ್ದೆವು. ನೆನಪಾದಾಗ ಅವಳು ತಿರುವು ದಾಟಿದ್ದಳು. ಬೆನ್ನಟ್ಟಿದೆವು. ಮೊದಲು ನಾಯಿ ಹಿಡಿದುಕೊಂಡ ಒಬ್ಬ ಹೆಂಗಸು ಸಿಕ್ಕಳು, ಕಟ್ಟಿಗೆ ಹೊತ್ತು ಹೋದದ್ದು ನಮ್ಮವಳೇ ಎಂದು ವಿಜಿ ಹೇಳಿದಳು. “ಮನೆ ದೂರವೇ ಪಾಪ?” ಎಂದು ಆಕೆ ಕೇಳಿದಳು. “ಬಹಳ ದೂರ,” ಎಂದಳು ವಿಜಿ. ಆಮೇಲೆ ದಾರಿಯ ನಡುವೆ ಕುರಿಗಳು ಸಿಕ್ಕವು. ಕಾರಿಗೂ ಏಳದ ಕುರಿಗಳು ಎದ್ದು ಪಕ್ಕದಲ್ಲಿ ನಿಂತಿದ್ದವು. ಮುಂದೆ ಜಯಾ ಕಂಡಳು. ನಾವು ಚಹಾ ಕುಡಿಯಬೇಕೆಂದಿದ್ದ ಅಂಗಡಿ ಅವಳ ಹಿಂದೆ ಉಳಿದಿತ್ತು.

“ಬ್ರೇಕ್ ಹಿಡಿಯಡೀ,” ಎಂದು ಕೂಗಿದೆ.

“ಯಾತಕ್ಕೆ?” ಎಂದು ಉತ್ತರ ಬಂತು.

ಕೊನೆಗೆ ಅವಳನ್ನು ನಿಲ್ಲಿಸಿದ್ದು ರೈಲು ದಾರಿ ಮುಗಿದ ಮೇಲೆ ಬಂದ ಒಂದು ಏರು. ಸೈಕಲ್ ನಿಧಾನವಾಗಿ, ಇನ್ನೂ ನಿಧಾನವಾಗಿ ನಿಂತಿತು. ಅವಳು ಕಾಲೂರಿದಳು, ಸೀಟು ಬಿಡಲಿಲ್ಲ. ನಾವು ಏದುಸಿರು ಬಿಡುತ್ತಾ ಮುಟ್ಟಿದೆವು. ನಿಲ್ಲಿಸಲು ಬರಲಿಲ್ಲವೇ ಎಂದು ಕೇಳಿದೆ.

“ಬರ್ತದೆ. ನಿಂತ್ರೆ ಮತ್ತೆ ಹತ್ತಾಕೆ ಆಗ್ತದೋ ಇಲ್ವೋ ಅಂತ ನಿಲ್ಲಿಸ್ಲಿಲ್ಲ.”

ವಿಜಿ ಫೋನ್ ತೆಗೆದಳು. “ಅಂಗೇ ಇರು. ಒಂದ್ ಫೋಟೋ ತೆಗೆದು ನಿಮ್ಮಣ್ಣನಿಗೆ ಕಳಿಸ್ತೀನಿ. ನೋಡ್ಲಿ.”

ಜಯಾ ಕೈ ಅಡ್ಡ ಹಿಡಿದಳು. “ಬೇಡ. ಅವನಿಗ್ಯಾತಕ್ಕೆ? ನಾನ್ ಓಟ್ಟಿದ್ದು ಅವನಿಗೆ ತೋರ್ಸಾಕಲ್ಲ.”

ಆದ್ದರಿಂದ ಈ ಬರಹದ ಜತೆ ಫೋಟೋ ಇಲ್ಲ, ಕೇಳಬೇಡಿ. ಬರೆಯಲು ಮಾತ್ರ ಅವಳು ಒಪ್ಪಿದಳು, ಅದೂ ನಾನು ಮೊದಲ ದಿನ ಮುಂದೆ ಓಡಿಹೋದದ್ದನ್ನು ಬಿಡದೆ ಬರೆಯಬೇಕು ಎಂಬ ಷರತ್ತಿನ ಮೇಲೆ.

ಆಮೇಲೆ ಅವಳು ಇಳಿದು ಟ್ಯೂಬಿನ ಗಂಟು ಬಿಚ್ಚಿದಳು. ಕಟ್ಟಿಗೆಯ ಚೀಲವನ್ನು ಎತ್ತಿ ನನ್ನ ಸೈಕಲ್ಲಿಗೆ ಹಾಕಿ ಬಿಗಿದಳು. ನಾನು ಹ್ಯಾಂಡಲ್ ಹಿಡಿದುಕೊಂಡೆ. ಖಾಲಿ ಸೈಕಲ್ಲನ್ನು ಇಳಿಜಾರಿಗೆ ತಿರುಗಿಸಿ ನಿಂತು, ಉಸಿರು ಬಿಗಿಹಿಡಿದು, ಒದ್ದಳು. ಓಲಾಡಿತು. ಒಂದು ಸಲ ಪೊದೆಯ ಕಡೆಗೆ ಹೊರಟೇ ಹೋಯಿತು. ವಿಜಿ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಲಿಲ್ಲ, ನೋಡಿದೆ. ಜಯಾ ಅದನ್ನು ಬಯ್ದು, ಎಳೆದು, ದಾರಿಗೆ ತಂದು, ಸೀಟಿನ ಮೇಲೆ ನೆಟ್ಟಗೆ ಕೂತು ಇಳಿಜಾರಿನಲ್ಲಿ ಹೋದಳು.

ಅಂಗಡಿಯವರೆಗೂ ಅವಳೇ ಮುಂದೆ. ಕಟ್ಟಿಗೆ ಹೊತ್ತ ಸೈಕಲ್ ನನ್ನ ಮಾತು ಕೇಳಲಿಲ್ಲ, ಎರಡು ಸಲ ಇಳಿದು ತಳ್ಳಿದೆ. ಎದುರು ಬಂದವರೆಲ್ಲ ಈ ಸಲ ನನ್ನನ್ನು ತಿರುಗಿ ನೋಡಿದರು. ನೋಡಲಿ. ಮುಂದೆ ಹೋಗುತ್ತಿದ್ದವಳನ್ನು ತೋರಿಸಿ, ನನಗೆ ಬರುವ ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದೆ: ಅವಳು ನಮ್ಮವಳು, ನಾನು ಅವಳ ಜತೆ ಬಂದವಳು.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲೂ ಯಾರನ್ನೋ ಸೈಕಲ್ಲಿನಿಂದಲೋ, ಇನ್ನೊಂದರಿಂದಲೋ ಅರ್ಧಕ್ಕೆ ಇಳಿಸಿರುತ್ತಾರೆ. ಅಕ್ಕ, ಅತ್ತೆ, ಅಮ್ಮ, ಇಲ್ಲವೇ ನೀವೇ. ಮತ್ತೆ ಹತ್ತಿದಿರಾ? ಎಷ್ಟನೆಯ ವಯಸ್ಸಿನಲ್ಲಿ, ಯಾವ ಊರಿನಲ್ಲಿ, ಎಷ್ಟು ಸಲ ಬಿದ್ದು? ಕೆಳಗೆ ಬರೆಯಿರಿ. ನಾನು ಫೋನಿನಲ್ಲಿ ಓದಿ ಹೇಳುತ್ತೇನೆ, ಜಯಾ ಹೂವು ಕಟ್ಟುತ್ತಾ ಕೇಳುತ್ತಾಳೆ.